ಎದೆಮಟ್ಟದ ಮಣ್ಣು

ಜಕ್ಕಪ್ಪ ಮುಕಾದಮ ಚರಿಯೊಳಗೆ ಇಳಿಯಲು ಏಣಿ ಕೇಳಿದವನಲ್ಲ. ಎರಡೂ ಗೋಡೆಗಳಿಗೆ ಒಂದೊಂದು ಕಾಲು ಕೊಟ್ಟು, ಹತ್ತು ಅಡಿ ಆಳಕ್ಕೆ ಸರಸರನೆ ಇಳಿದು, ಕೆಳಗೆ ನಿಂತು ಮೇಲೆ ನೋಡಿ ನಗುತ್ತಿದ್ದ. ನಲವತ್ತೆಂಟು ವರ್ಷದ ಮನುಷ್ಯ ಹಾಗೆ ಇಳಿದ ಮೇಲೆ ಉಳಿದವರು ಏಣಿ ಹುಡುಕುವುದು ಹೇಗೆ? ಅವರೂ ಹಾಗೆಯೇ ಇಳಿಯುತ್ತಿದ್ದರು.

ಅದು 1987ರ ಏಪ್ರಿಲ್. ಶೇಡಬಾಳದ ಆಚೆ, ಕೃಷ್ಣಾ ನದಿಯಿಂದ ಕಬ್ಬಿನ ಹೊಲಗಳಿಗೆ ನೀರು ಎತ್ತಿ ತರಲು ರೈತರು ಸೇರಿ ಪೈಪು ಹಾಕಿಸುತ್ತಿದ್ದರು. ಗುತ್ತಿಗೆ ಹಿಡಿದವರು ಆಬಾಸಾಹೇಬರು. ಪೈಪು ಹೂಳಲು ಹೊಲಗಳ ನಡುವೆ ಉದ್ದಕ್ಕೆ ಚರಿ ತೋಡುವುದು ಜಕ್ಕಪ್ಪ ಮೇಸ್ತ್ರಿಯಾಗಿದ್ದ ಕೂಲಿಗಳ ಟೋಳಿಯ ಕೆಲಸ. ಒಟ್ಟು ಹದಿನಾಲ್ಕು ಜನ. ಗಂಡಸರು ಒಳಗೆ ಅಗೆದು ಬುಟ್ಟಿ ತುಂಬಿ ಮೇಲೆ ಕೊಡುವರು, ಹೆಂಗಸರು ಅದನ್ನು ಹೊತ್ತು ಸುರಿಯುವರು. ಪೈರು ಹಾಳಾಗಬಾರದೆಂದು ಮಣ್ಣನ್ನು ಚರಿಯ ದಂಡೆಗೇ ಗುಡ್ಡೆ ಹಾಕುತ್ತಿದ್ದರು. ಎಲ್ಲ ಕಡೆ ನಡೆದು ಬಂದ ರೀತಿ ಅದು.

ಜಕ್ಕಪ್ಪ ಒರಟನಾದರೂ ಕೆಟ್ಟವನಲ್ಲ. ಟೋಳಿಯವರ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ತಾನೇ ಸೈಕಲ್ ಮೇಲೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಒಯ್ಯುವವನು. ಆದರೆ ಕೆಲಸದ ಜಾಗದಲ್ಲಿ ಅಂಜಿಕೆ ಎಂಬ ಮಾತು ಅವನಿಗೆ ಆಗುತ್ತಿರಲಿಲ್ಲ. ಮುಕಾದಮನಾಗಿ ಇಪ್ಪತ್ತೆರಡು ವರ್ಷದಲ್ಲಿ ಬಾವಿ ತೋಡಿಸಿದ್ದ, ಬುನಾದಿ ಹಾಕಿಸಿದ್ದ. ಒಬ್ಬರ ಬೆರಳೂ ಜಜ್ಜಿಲ್ಲ ಎಂದು ಚಹಾ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ.

ಅಂದು ಬೆಳಿಗ್ಗೆ ತುಕಾರಾಮ ಎಲ್ಲರಿಗಿಂತ ಮೊದಲು ಇಳಿದ. ನಿಪ್ಪಾಣಿ ಕಡೆಯವನು, ಮನೆಯಲ್ಲಿ ಮರಾಠಿ, ಟೋಳಿಯಲ್ಲಿ ಕನ್ನಡ. ಅವನ ಹೆಂಡತಿ ಭೀಮಾಬಾಯಿ ದಂಡೆಯ ಮೇಲೆ ಬುಟ್ಟಿ ಹೊರುತ್ತಿದ್ದಳು. ಎರಡು ದಿನದ ಹಿಂದೆ ಜೋರಾಗಿ ಒಂದು ಮಳೆ ಬಂದು ಹೋಗಿತ್ತು. ಕಪ್ಪು ಎರೆಮಣ್ಣು ಮೇಲೆ ಒಣಗಿ, ಒಳಗೆ ಇನ್ನೂ ಹಸಿಯಾಗಿತ್ತು.

ಹತ್ತೂವರೆಯ ಸುಮಾರಿಗೆ ಪೂರ್ವದ ಗೋಡೆ ಕುಸಿಯಿತು. ಸದ್ದು ದೊಡ್ಡದೇನಲ್ಲ, ತುಂಬಿದ ಚೀಲವನ್ನು ನೆಲಕ್ಕೆ ಒಗೆದ ಹಾಗೆ. ಧೂಳು ಕೂಡ ಏಳಲಿಲ್ಲ. ಒಳಗಿದ್ದ ಉಳಿದವರು ಅತ್ತಿತ್ತ ಹಾರಿಕೊಂಡರು. ತುಕಾರಾಮ ಮಾತ್ರ ನಿಂತಲ್ಲೇ ಎದೆಮಟ್ಟ ಹೂತುಹೋದ. ತಲೆ, ಭುಜ, ಎರಡೂ ಕೈ ಹೊರಗೇ ಇದ್ದವು.

ಜಕ್ಕಪ್ಪನಿಗೆ ಜೀವ ಬಂದಂತಾಯಿತು. "ತಡೀಲೇ ತುಕ್ಯಾ, ತಗೀತೀವಿ. ತಲಿ ಮ್ಯಾಲ ಐತಿ, ಏನೂ ಆಗೂದಿಲ್ಲ."

"ಆಗೂದಿಲ್ಲ ಬಿಡ್ರಿ," ಎಂದ ತುಕಾರಾಮ. ನಗಲೂ ನೋಡಿದ. "ಕಾಲ ಅಳಗ್ಯಾಡವಲ್ಲವು, ಅಷ್ಟ."

ಸಲಿಕೆಯ ಅಂಚು ಮೈಗೆ ತಾಗೀತೆಂದು ಕೈಯಿಂದಲೇ ಬಗೆಯತೊಡಗಿದರು. ಭೀಮಾಬಾಯಿ ಹೇಗೆ ಇಳಿದಳೋ, ಗಂಡನ ಮುಖದ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸುತ್ತಿದ್ದಳು. ಅವನು ಮನೆಯ ಮಾತಿನಲ್ಲಿ, "ಪಾಣಿ," ಎಂದ. ನೀರು ಕೊಟ್ಟರು. ಎರಡು ಗುಟುಕು ಕುಡಿದ, ಮೂರನೆಯದು ಹೊರಗೆ ಬಂತು. ಆಮೇಲೆ ಅವನ ಮಾತು ತುಂಡಾಗತೊಡಗಿತು. ಒಂದು ಶಬ್ದಕ್ಕೂ ಇನ್ನೊಂದಕ್ಕೂ ನಡುವೆ ಬಾಯಿ ತೆರೆದು ಕಾಯುತ್ತಿದ್ದ. ತುಟಿಯ ಬಣ್ಣ ಬದಲಾಯಿತು.

ಸೊಂಟದವರೆಗೆ ಮಣ್ಣು ತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವನ ತಲೆ ಜಕ್ಕಪ್ಪನ ಭುಜದ ಮೇಲೆ ಬಿದ್ದಿತ್ತು. ಬಿಸಿಲಿಗೆ ಎಚ್ಚರ ತಪ್ಪಿದೆ ಎಂದುಕೊಂಡು ಜಕ್ಕಪ್ಪ ಮುಖಕ್ಕೆ ನೀರು ಚಿಮುಕಿಸಿದ. ಮತ್ತೆ ಚಿಮುಕಿಸಿದ. ಮೇಲೆ ನಿಂತಿದ್ದ ಮುದುಕಿ ದುಂಡವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತ ತಿರುಗಿದಳು. ಆಗಲೂ ತುಕಾರಾಮ ಹೋದದ್ದು ಜಕ್ಕಪ್ಪನಿಗೆ ತಿಳಿಯಲಿಲ್ಲ.

ಮೈಮೇಲೆ ಒಂದು ಗಾಯವಿರಲಿಲ್ಲ. ಒಂದು ಹನಿ ರಕ್ತ ಬಿದ್ದಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಹೇಳಿದ್ದನ್ನು ಜಕ್ಕಪ್ಪ ಎರಡು ಸಲ ಹೇಳಿಸಿಕೊಂಡ. ಉಸಿರು ಹೊರಗೆ ಬಿಟ್ಟಾಗಲೆಲ್ಲ ಎದೆ ಇಳಿಯುತ್ತದೆ. ಇಳಿದಷ್ಟು ಜಾಗಕ್ಕೆ ಮಣ್ಣು ಬಂದು ಕೂರುತ್ತದೆ. ಮತ್ತೆ ಉಸಿರೆಳೆಯಲು ಎದೆ ಏಳುವುದಿಲ್ಲ. ತಲೆ ಹೊರಗಿದ್ದರೂ ಒಂದೇ, ಒಳಗಿದ್ದರೂ ಒಂದೇ.

ಪಂಚನಾಮೆಯಲ್ಲಿ ಆಕಸ್ಮಿಕ ಎಂದು ಬರೆದರು. ಆಬಾಸಾಹೇಬರು ಮಣ್ಣು ಮಾಡುವಾಗ ತಾವೇ ಬಂದಿದ್ದರು. "ಯಾರ ಕೈಯಾಗೂ ಇರಲಿಲ್ಲ ಜಕ್ಕಪ್ಪಾ," ಎಂದು ಅವನ ಬೆನ್ನ ಮೇಲೆ ಕೈಯಿಟ್ಟರು.

ಯಾರ ಕೈಯಲ್ಲೂ ಇರಲಿಲ್ಲ ಎಂಬ ಆ ಮಾತನ್ನೇ ಹಿಡಿದುಕೊಂಡು, ದಿನಕರ್ಮ ಮುಗಿದ ಮೇಲೆ ಜಕ್ಕಪ್ಪ ಶಿರಗುಪ್ಪಿಯ ಅಂಚಿನಲ್ಲಿದ್ದ ಭೀಮಾಬಾಯಿಯ ಮನೆಗೆ ಹೋದ. ಆಕೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಅವನನ್ನು ಕಂಡು ಎದ್ದು ಚಾಪೆ ಹಾಕಿದಳು.

"ಹಿಂಗ ಆಕ್ಕೇತಿ ಅಂತ ಯಾರಿಗೆ ಗೊತ್ತಿತ್ತ ಬೇ, ಭೀಮಾ," ಎಂದ.

ಆಕೆ ಮೊರವನ್ನು ಕೆಳಗಿಟ್ಟಳು. "ಗೊತ್ತಿತ್ರಿ."

ಜಕ್ಕಪ್ಪನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎನಿಸಿತು.

"ದಂಡಿಗುಂಟ ಒಂದು ಸೀಳು ಬಿಟ್ಟಿತ್ತು. ಮೊದಲನೇ ಬುಟ್ಟಿ ಒಗಿಯೂಮುಂದ ನೋಡಿದ್ನಿ. ಇವರಿಗೂ ತೋರಿಸಿದ್ನಿ."

"ಎರಿ ಭೂಮಿ ಬ್ಯಾಸಗ್ಯಾಗ ಸೀಳೂದ ಹೊಸಾದೇನಲ್ಲಲ್ಲ."

"ಬ್ಯಾಸಗಿ ಸೀಳು ಸೊಟ್ಟಪಟ್ಟ ಇರತಾವ್ರಿ. ಇದು ಹಗ್ಗಾ ಹಿಡದಂಗ ಚರಿಗುಂಟ ನೆಟ್ಟಗ ಹೋಗಿತ್ತು."

"ತುಕ್ಯಾ ಏನಂದ?"

"ನಾ ಈಗ ಏರಿ ಬಂದ್ರ ಮುಕಾದಮ ಸಂಜೀತನಾ ಮಂದೀನ ನಗಸ್ತಾನ, ಸುಮ್ಮಿರು ಅಂದ್ರು. ಸುಮ್ಮ ಇದ್ನಿ." ಆಕೆ ಅಳಲಿಲ್ಲ. ಮೊರದಲ್ಲಿದ್ದ ಜೋಳದ ಕಡೆ ನೋಡುತ್ತ ಕುಳಿತಳು. "ನಾ ಒಬ್ಬಾಕೀನ ಅಲ್ರಿ. ಎಲ್ಲಾರನೂ ಕೇಳ್ರಿ."

ಕೇಳಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿತು. ಆದರೆ ಕೇಳದೆ ಇರಲಾಗಲಿಲ್ಲ. ಪೈಪು ಜೋಡಿಸುವ ಉತ್ತಮ ಎಂಬವನು ಆ ಸೀಳಿನೊಳಗೆ ಮಣಿಕಟ್ಟಿನವರೆಗೆ ಕೈಹಾಕಿ ನೋಡಿದ್ದ. ಒಳಗೆ ತಣ್ಣಗಿತ್ತಂತೆ. ಇನ್ನಿಬ್ಬರು ಅದರ ಬಗ್ಗೆ ಚಹಾ ಕುಡಿಯುವಾಗ ಮಾತಾಡಿಕೊಂಡಿದ್ದರು. ದುಂಡವ್ವ ಎಲ್ಲಕ್ಕಿಂತ ನೇರವಾಗಿ ಹೇಳಿದಳು.

"ನಾ ನೋಡಿ ಕಾಲದಾರಿ ಬದಲ ಮಾಡಿದ್ನೆಪಾ. ಒಂದು ಮಾರು ಆ ಕಡೆ ಸರದ ಅಡ್ಡ್ಯಾಡಿದ್ನಿ. ನಂದಷ್ಟ ನೋಡ್ಕೊಂಡ್ನಿ."

ಹದಿನಾಲ್ಕು ಜನರ ಟೋಳಿಯಲ್ಲಿ ಆ ಸೀಳನ್ನು ನೋಡದ ಒಬ್ಬನೂ ಸಿಗಲಿಲ್ಲ. ಕೊನೆಯವನ ಮನೆಯಿಂದ ಹೊರಟು ಕೆನಾಲಿನ ಸೇತುವೆಯ ಮೇಲೆ ಬಂದಾಗ ಜಕ್ಕಪ್ಪನ ಕಾಲುಗಳು ತಾವಾಗಿಯೇ ನಿಂತುಬಿಟ್ಟವು. ಆ ಬೆಳಿಗ್ಗೆ ಚರಿಯ ದಂಡೆಗೆ ಬಂದಾಗ ತಾನು ಒಂದು ಹೆಜ್ಜೆಯನ್ನು ಉದ್ದ ಹಾಕಿದ್ದು ನೆನಪಾಯಿತು. ಏನನ್ನೋ ದಾಟಿದ್ದ. ಕಣ್ಣಿಗೆ ಬಿದ್ದಿತ್ತು, ಕಾಲಿಗೆ ತಿಳಿದಿತ್ತು. ಮನಸ್ಸಿಗೆ ಮಾತ್ರ ಬರಗೊಟ್ಟಿರಲಿಲ್ಲ. ಅವನು ಸೇತುವೆಯ ಕಟ್ಟೆಯ ಮೇಲೆ ಕೂತ.

ಮರುದಿನ ಬಸ್ಸು ಹತ್ತಿ ಅಕ್ಕೋಳಕ್ಕೆ ಹೋದ. ಅಲ್ಲಿ ಹಾಲಸಿದ್ದನಿದ್ದ. ಎರಡು ವರ್ಷದ ಹಿಂದೆ ಟೋಳಿ ಬಿಟ್ಟು ಹೋದವನು. ಈಗ ಕುರಿ ಕಾಯುತ್ತಿದ್ದ. ಅಥಣಿಯಲ್ಲಿ ಒಂದು ಕಟ್ಟಡದ ಬುನಾದಿ ತೋಡುವಾಗ, ಗೋಡೆ ವಾಲಿದಂತೆ ಕಾಣುತ್ತದೆ ಎಂದು ಇವನೊಬ್ಬ ಕೂಗಿ ಎಲ್ಲರನ್ನೂ ಮೇಲೆ ಹತ್ತಿಸಿದ್ದ. ಒಂದು ತಾಸು ಕಾದರೂ ಏನೂ ಆಗಲಿಲ್ಲ. "ಸೀರಿ ಉಟಗೊಂಡು ಬಾ ನಾಳೆ," ಎಂದು ಜಕ್ಕಪ್ಪ ಎಲ್ಲರೆದುರು ಹೇಳಿದ್ದ. ಟೋಳಿ ವಾರಗಟ್ಟಲೆ ನಕ್ಕಿತ್ತು.

ಹಾಲಸಿದ್ದ ಎಲ್ಲವನ್ನೂ ಕೇಳಿದ. ತುಕಾರಾಮನ ಹೆಸರು ಬಂದಾಗ ಮಾತ್ರ ಮುಖ ತಿರುಗಿಸಿದ.

"ಅವತ್ತ ಆ ಗ್ವಾಡಿ ಬಿದ್ದಿದ್ರ ನಾ ಶ್ಯಾಣ್ಯಾ ಆಗತಿದ್ನಿ," ಎಂದ. "ಬೀಳಲಿಲ್ಲ, ಹುಚ್ಚ ಆದ್ನಿ. ನೀವು ನಕ್ಕಿದ್ದು ನನಗೊಬ್ಬಗ ಅಂತ ತಿಳಕೊಂಡಿರೇನ್ರಿ? ಅಲ್ಲಿ ನಿಂತಾವರೆಲ್ಲಾರೂ ಬಾಯಿ ಮುಚ್ಚೂದ ಕಲತರು."

"ತಪ್ಪಾತು, ಹಾಲಸಿದ್ದಾ. ತಿರುಗಿ ಬರ್ತಿಯೇನು?"

"ಇಲ್ರಿ. ಕುರಿ ನೋಡ್ಕೊಂಡು ಆರಾಮ ಅದೀನಿ." ಆದರೆ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದ. ಬಸ್ಸು ಬರುವವರೆಗೆ ಅಲ್ಲೇ ನಿಂತಿದ್ದ.

ಆಬಾಸಾಹೇಬರ ಮನೆಯಲ್ಲಿ ಜಕ್ಕಪ್ಪ ಚಹಾ ಮುಟ್ಟಲಿಲ್ಲ. ಮಣ್ಣನ್ನು ದಂಡೆಯಿಂದ ದೂರ ಹಾಕಬೇಕು, ಏಣಿ ಬೇಕು, ಚರಿಯ ಗೋಡೆಯನ್ನು ನೆಟ್ಟಗೆ ಬಿಡದೆ ಇಳಿಜಾರಾಗಿ ಕಡಿಯಬೇಕು ಎಂದ.

"ಮೊದಲನೇ ಎರಡಕ್ಕೂ ಹೂಂ ಅಂತೀನಿ," ಎಂದರು ಆಬಾಸಾಹೇಬರು. "ಇಳಿಜಾರ ಕಡದ್ರ ಎರಡೂ ಕಡೆ ನಾಕ್ ನಾಕ್ ಸಾಲು ಕಬ್ಬು ಹೋಕ್ಕಾವು. ಹೊಲದವರು ಬಡಿಗಿ ತಗೊಂಡು ಬರ್ತಾರ. ಅವರದೂ ಖರೇನ ಐತಿ, ಬೆಳಿ ಒಣಗಾಕತ್ತೇತಿ, ನೀರು ಲಗೂನ ಬೇಕು. ನಾ ಯಾರಿಗಂತ ಹೇಳಲಿ?"

"ಮತ್ತೊಂದು ಮಾತು ಐತ್ರಿ. ಯಾರಿಗೆ ಅಂಜಿಕಿ ಬಂದ್ರೂ ಅವರು ಕೆಲಸಾ ನಿಂದರಸಬೇಕು. ಯಾಕ ಅಂತ ನಾನೂ ಕೇಳಬಾರದು, ನೀವೂ ಕೇಳಬಾರದು."

"ಬುಟ್ಟಿ ಹೊರೂ ಹೆಣ್ಣಮಕ್ಕಳೂ?"

"ಹೌದ್ರಿ."

"ಹಂಗಾದ್ರ ದಿನಕ್ಕ ಹತ್ತ ಸಲ ನಿಂದರತೈತಿ."

"ನಿಂದರಲಿ," ಎಂದ ಜಕ್ಕಪ್ಪ.

ಇಳಿಜಾರಿನ ಮಾತು ಮಾತ್ರ ತೀರ್ಮಾನವಾಗದೆ ಉಳಿಯಿತು.

ಕೆಲಸ ಮತ್ತೆ ಶುರುವಾದ ದಿನ ಜಕ್ಕಪ್ಪ ಟೋಳಿಯನ್ನು ಒಟ್ಟಿಗೆ ಕೂರಿಸಿದ. ಮಾತು ಬಹಳ ಬೆಳೆಸಲಿಲ್ಲ. "ಆ ಸೀಳು ನಾನೂ ನೋಡಿದ್ನಿ. ದಾಟಿ ಬಂದ್ನಿ. ನಿಮ್ಮ ಬಾಯಿ ಮುಚ್ಚಿಸಿದಾಂವ ನಾನ. ಇನ್ನ ಯಾರ ಕಣ್ಣಿಗೆ ಏನ ಬಿದ್ರೂ ಒದರ್ರಿ."

ಯಾರೂ ತಲೆ ಎತ್ತಲಿಲ್ಲ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ನಾಲ್ಕು ದಿನ ಒಬ್ಬರೂ ಸೊಲ್ಲೆತ್ತದೆ ದುಡಿದರು. ಆ ಮೌನವನ್ನು ಕೇಳಿ ಜಕ್ಕಪ್ಪನಿಗೆ ಮೊದಲಿಗಿಂತ ಹೆಚ್ಚು ಭಯವಾಯಿತು. ಮೊದಲು ಇದೇ ಮೌನವನ್ನು ಅವನು ಧೈರ್ಯ ಎಂದುಕೊಂಡಿದ್ದ.

ಭೀಮಾಬಾಯಿ ಐದನೆಯ ದಿನ ಕೆಲಸಕ್ಕೆ ಬಂದಳು. ಬೇರೆ ದಾರಿ ಇರಲಿಲ್ಲ. ಯಾರೂ ಆಕೆಯ ಮುಖ ನೋಡಲಾರದೆ ತಮ್ಮ ಕೆಲಸದಲ್ಲಿ ತೊಡಗಿದರು. ಒಂಬತ್ತು ಗಂಟೆಯ ಹೊತ್ತಿಗೆ ಖಾಲಿ ಬುಟ್ಟಿ ಹಿಡಿದು ಬರುತ್ತಿದ್ದವಳು ದಂಡೆಯ ಹತ್ತಿರ ನಿಂತುಬಿಟ್ಟಳು.

"ಏರ್ರಿ ಮ್ಯಾಲ," ಎಂದಳು. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ಎಲ್ಲರಿಗೂ ಕೇಳಿಸಿತು. "ಎಲ್ಲಾರೂ ಏರಿ ಬರ್ರಿ."

ಒಳಗಿದ್ದವರು ಜಕ್ಕಪ್ಪನ ಕಡೆ ನೋಡಿದರು. ಅವನು ಯಾಕೆ ಎಂದು ಕೇಳಲಿಲ್ಲ. ಏಣಿ ಹಿಡಿದು ನಿಂತು ಒಬ್ಬೊಬ್ಬರನ್ನೇ ಹತ್ತಿಸಿದ. ಕೊನೆಗೆ ತಾನು ಹತ್ತಿದ. ಎಲ್ಲರೂ ದೂರ ಸರಿದು ಹೊಲದ ಬದುವಿನ ಮೇಲೆ ಕುಳಿತರು.

ಒಂದು ತಾಸು ಹೋಯಿತು. ಎರಡಾಯಿತು. ಗೋಡೆ ಹಾಗೆಯೇ ನಿಂತಿತ್ತು, ಒಂದು ಹೆಂಟೆಯೂ ಉದುರಲಿಲ್ಲ. ಭೀಮಾಬಾಯಿ ಮೊಣಕಾಲಿನಲ್ಲಿ ಮುಖ ಇಟ್ಟುಕೊಂಡಿದ್ದಳು. ಆಬಾಸಾಹೇಬರ ಮೋಟರ್‌ಸೈಕಲ್ ಗಾಡಿದಾರಿಯಲ್ಲಿ ಕಂಡಿತು. ಅವರು ಇಳಿದು, ಖಾಲಿ ಚರಿಯನ್ನೂ ಕುಳಿತ ಜನರನ್ನೂ ನೋಡುತ್ತ ನಿಂತರು.

"ಬೀಳಲಿಲ್ಲಲ್ರಿ ಮುಕಾದಮ," ಎಂದ ಉತ್ತಮ, ತುಟಿಯಂಚಿನಲ್ಲಿ ನಗುತ್ತ.

"ಬೀಳಬೇಕಿತ್ತೇನು?" ಎಂದ ಜಕ್ಕಪ್ಪ.

ಉತ್ತಮನ ನಗು ಅಲ್ಲೇ ನಿಂತಿತು. ಬದುವಿನ ಮೇಲೆ ಬೇರೆ ಯಾರೂ ನಗಲಿಲ್ಲ.

"ನಂದ ತಪ್ಪಾತೇನೋರಿ," ಎಂದಳು ಭೀಮಾಬಾಯಿ, ಮುಖ ಎತ್ತದೆ. "ಮತ್ತ ಹಂಗ ಒಂದು ಗೆರಿ ಕಂಡಂಗಾತು. ಕಣ್ಣಿಗೆ ಅದ ಕಾಣತೈತಿ."

"ಎಲ್ಲಿಂದ ಎಲ್ಲೀಮಟ ಕಂಡೇತಿ, ತೋರಸ ಬಾ."

ಆಕೆ ಎದ್ದಳು. ದಂಡೆಯಿಂದ ಎರಡು ಮಾರು ದೂರ ನಿಂತು, ಕೈ ಚಾಚಿ, ಒಂದೊಂದೇ ಹೆಜ್ಜೆ ಇಡುತ್ತ ನಡೆದಳು. ಜಕ್ಕಪ್ಪ ಗುದ್ದಲಿಯ ಮೊನೆಯಿಂದ ನೆಲದ ಮೇಲೆ ಗೆರೆ ಎಳೆಯುತ್ತ ಹಿಂದೆ ಹೋದ. ಗೆರೆ ಕಬ್ಬಿನ ಸಾಲಿನೊಳಗೆ ಹೋಗಿತ್ತು. ಅವನು ನಿಂತು ಆಬಾಸಾಹೇಬರ ಕಡೆ ನೋಡಿದ. ಇಷ್ಟು ಅಗಲ ಇಳಿಜಾರು ಕಡಿಯದೆ ತನ್ನ ಜನರನ್ನು ಮತ್ತೆ ಇಳಿಸುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಆಬಾಸಾಹೇಬರು ಗೆರೆಯನ್ನು ನೋಡಿದರು, ಭೀಮಾಬಾಯಿಯನ್ನು ನೋಡಿದರು. "ಹೊಲದವಗ ನಾ ಹೇಳ್ತೀನಿ," ಎಂದು ಮೋಟರ್‌ಸೈಕಲ್ ತಿರುಗಿಸಿದರು.

ಉತ್ತಮ ಎಲ್ಲರಿಗಿಂತ ಮೊದಲು ಎದ್ದು ಕಬ್ಬು ಕಡಿಯಲು ಕುಡುಗೋಲು ಹಿಡಿದ. ಮುಂದೆ ಹೋಗಿದ್ದ ಭೀಮಾಬಾಯಿ ಒಂದು ಕಡೆ ನಿಂತು, "ಇಲ್ಲೀಮಟರಿ," ಎಂದಳು.

ಜಕ್ಕಪ್ಪ ಅಲ್ಲಿಗೆ ಬಂದು, ಇನ್ನೂ ಎರಡು ಮಾರು ಮುಂದಕ್ಕೆ ಗೆರೆ ಎಳೆದು, ಸಲಿಕೆಗೆ ಕೈ ಚಾಚಿದ.