ಗೋಡೆಗೆ ಒರಗಿದ ನಿದ್ದೆ

ಮಗಳನ್ನು ಶಾಲೆಗೆ ಕಳಿಸಿ, ಮಧ್ಯಾಹ್ನದ ಪಾಳಿಗೆ ಹೋಗುವ ಗಂಡನ ಬುತ್ತಿಗೆಂದು ರೊಟ್ಟಿ ಬಡಿಯುತ್ತಿದ್ದೆ. ಅಷ್ಟರಲ್ಲಿ, ತನ್ನ ಮಕ್ಕಳನ್ನು ಶಾಲೆಗೆ ಬಿಡಲು ಹೋಗಿದ್ದ ಪಕ್ಕದ ಮನೆಯ ರಹೀಮಾ ಆ ಮಗಳನ್ನೇ ಹೆಗಲ ಮೇಲೆ ಹೊತ್ತುಕೊಂಡು ಬಂದಳು.

"ತಗೋರಿ ಅಕ್ಕಾ, ನಿಮ್ಮ ಮಹಾರಾಣಿನ್ನ. ಪ್ರಾರ್ಥನಾಕ್ಕ ನಿಂತಲ್ಲೇ ತೂಕಡಿಸಿ ಬಿದ್ದಾಳ. ಮೊಣಕಾಲು ಕೆತ್ತ್ಯಾದ ನೋಡ್ರಿ."

"ಟೀಚರ್ ಏನಂದ್ರು?"

"ರಾತ್ರಿ ಇದೇನು ಮನಿ ಕಾಯ್ತದೇನ್ರಿ ಅಂದ್ರು. ಒಂದನೇ ಕ್ಲಾಸಿನ ಹುಡುಗ್ರು ಎಂಟೂವರಿಗೆ ಮಕ್ಕೋಬೇಕಂತ. ನಮ್ಮನ್ಯಾಗಿನವು ಏಳಕ್ಕೇ ಬೀಳ್ತಾವ, ಎಬ್ಬಿಸಿ ಉಣ್ಣಸೂದೇ ನನಗ ಸಾಕಾಗ್ಯಾದ!"

ನಾನು ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು. ನಿವೇದಿತಾಳ ಮೊಣಕಾಲು ತೊಳೆದು ಅರಿಶಿನ ಹಚ್ಚುವಷ್ಟರಲ್ಲಿ ಅವಳಿಗೆ ನನ್ನ ತೊಡೆಯ ಮೇಲೆಯೇ ನಿದ್ದೆ ಬಂದಿತ್ತು.

ಅತ್ತೆ ಪೀರಮ್ಮ ತೀರಿಕೊಂಡಾಗಿನಿಂದ ಹೀಗೆ. ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದ ಕೂಸು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಧರಿಸಿ, ಹೂವು ಹಾಕಿ, ಗೋಡೆಗೆ ಆನಿಸಿ ಕೂರಿಸುತ್ತೇವೆ. ರಾತ್ರಿಯಿಡೀ ಭಜನೆ ಆಯಿತು. ಬೆಳಗ್ಗೆ ಕೂತಂತೆಯೇ ಎತ್ತಿಕೊಂಡು ಹೋದರು. ನಿವೇದಿತಾ ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು, ಅಳಲಿಲ್ಲ. ಬಂದವರಿಗೆ ಚಹಾ ಮಾಡುವ ಗದ್ದಲದಲ್ಲಿ ಅವಳಿಗೆ ಯಾರೂ ಏನೂ ಹೇಳಲಿಲ್ಲ. ಅಜ್ಜಿಯ ನೆನಪಿಗೆ ನಿದ್ದೆ ಬಾರದಿರಬೇಕು, ದಿನ ಕಳೆದರೆ ಸರಿಹೋದೀತು ಎಂದುಕೊಂಡಿದ್ದೆ.

ಶಾಲೆಯಲ್ಲಿ ಬಿದ್ದ ದಿನದಿಂದ ನಿಯಮ ಮಾಡಿದೆ. ಬೇಗ ಊಟ, ಟಿವಿ ಬಂದ್, ಎಂಟೂವರೆಗೆ ಹಾಸಿಗೆ. ಕೋಡ್ಲಾದ ಸಿಮೆಂಟ್ ಕಾರ್ಖಾನೆಗೆ ಹೊರಟಿದ್ದ ಗಂಡ ರೇವಣಸಿದ್ದ, "ಕೂಸಿನ ಮ್ಯಾಲ ಸಿಟ್ಟಾಗಬ್ಯಾಡ. ದಿನಾ ಅದೇ ವ್ಯಾಳ್ಯಾ ಹಿಡಿ, ರೂಢಿ ಆಗ್ತದ" ಎಂದ.

ನಿವೇದಿತಾ ಹಟ ಮಾಡಲಿಲ್ಲ. ಹೇಳಿದ ಹೊತ್ತಿಗೆ ಮಲಗುತ್ತಿದ್ದಳು, ಕಣ್ಣು ಮಾತ್ರ ತೆರೆದೇ ಇರುತ್ತಿದ್ದವು. ಅಂಗಾಲಿಗೆ ಎಣ್ಣೆ ತಿಕ್ಕಿದೆ, ಬಿಸಿ ಹಾಲು ಕೊಟ್ಟೆ, ಕಥೆ ಹೇಳಿದೆ. ದೀಪ ಆರಿಸಿ ಪಡಸಾಲೆಯಲ್ಲಿ ಗಂಡನ ದಾರಿ ಕಾಯುತ್ತ ಕೂತರೆ, ಬೆಳಗಿನಿಂದ ದುಡಿದ ಮೈ, ಗೋಡೆಗೆ ಒರಗಿದ ಕೂಡಲೇ ತೂಕಡಿಕೆ. ಆಗ ಪುಟ್ಟ ಕೈಯೊಂದು ಭುಜ ಅಲುಗಿಸುತ್ತಿತ್ತು.

"ಅವ್ವಾ, ಅಡ್ಡಾಗು."

"ಅಡ್ಡಾದ್ರ ನನಗ ಎಚ್ಚರ ಆಗಂಗಿಲ್ಲವ್ವ. ನಿಮ್ಮಪ್ಪ ಬಾಗಲಾಗೇ ನಿಂದ್ರಬೇಕಾಗ್ತದ. ನೀ ಮಕ್ಕೊ, ಹೋಗು."

ಹೋಗುತ್ತಿದ್ದಳು. ನನ್ನ ಕಣ್ಣು ಮುಚ್ಚಿದರೆ ಮತ್ತೆ ಬರುತ್ತಿದ್ದಳು. ಮಲಗದಿರಲು ಹೂಡಿದ ನೆಪ ಎಂದು ತಿಳಿದು, ಪ್ರತಿ ಸಲವೂ ಎತ್ತಿಕೊಂಡು ಹೋಗಿ ಹಾಸಿಗೆಗೆ ಹಾಕಿ ಬರುತ್ತಿದ್ದೆ. ಬೆಳಗ್ಗೆ ನೋಡಿದರೆ ಅವಳ ಕಣ್ಣ ಕೆಳಗೆ ಕಪ್ಪು.

ನಿನ್ನೆ ಕೌದಿಗಳನ್ನೆಲ್ಲ ಒಗೆದು ಸೋತಿದ್ದೆ. ಅವಳನ್ನು ಮಲಗಿಸಿ ಬಂದು ಕೂತದ್ದಷ್ಟೇ ನೆನಪು. ಎಚ್ಚರವಾದಾಗ ನಿವೇದಿತಾ ತನ್ನ ತಲೆದಿಂಬನ್ನು ನನ್ನ ಪಕ್ಕದಲ್ಲಿಟ್ಟು, ಎರಡೂ ಕೈಯಿಂದ ನನ್ನ ಭುಜ ಹಿಡಿದು ಅದರತ್ತ ದೂಡುತ್ತಿದ್ದಳು. ಮೈಯೆಲ್ಲ ಬೆವರು. ನಾನು ಕಣ್ಣು ತೆರೆದದ್ದು ನೋಡಿ ಕೈ ಬಿಟ್ಟಳು.

ತೊಡೆಯ ಮೇಲೆ ಕೂರಿಸಿಕೊಂಡೆ. "ಏನಾಗ್ಯಾದ ನನ್ನವ್ವಾ? ಹೇಳು. ನಾ ಬೈಯಂಗಿಲ್ಲ."

ನನ್ನ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ನಾನು ಅವಸರ ಮಾಡಲಿಲ್ಲ. ಕೊನೆಗೆ ನನ್ನ ಮುಖ ನೋಡಿ ಕೇಳಿದಳು:

"ಅವ್ವಾ, ನೀ ಹಿಂಗ ಕುಂತಲ್ಲೇ ಮಕ್ಕೊಂಡ್ರ, ಅಜ್ಜಿನ್ನ ಒಯ್ದಂಗ ನಿನ್ನೂ ಎತ್ಕೊಂಡ್ ಒಯ್ತಾರೇನು?"