ಗಂಡಾಳಿನ ಕೂಲಿ

ಗೊರೇಬಾಳದ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವುದು ಹಗುರ ಕೆಲಸವಂತೆ. ಮೊಣಕಾಲ ತನಕ ಕೆಸರು, ಬೆನ್ನಿಗೆ ಬಿಸಿಲು, ಮುಂಜಾನೆ ಬಗ್ಗಿದ ಸೊಂಟ ಏಳುವುದು ಸಂಜೆಗೇ. ಆದರೂ ಹಗುರ. ಹೆಂಗಸರು ಮಾಡುತ್ತಾರಲ್ಲ, ಅದಕ್ಕೆ. ಬೀಡಿ ಸೇದುತ್ತ ಒಡ್ಡಿನ ಮೇಲಿಂದ ಅವರ ಮುಂದೆ ಸಸಿಯ ಕಟ್ಟು ಒಗೆಯುವ ಗಂಡಾಳಿಗೆ ಎಂಟುನೂರು. ಹಚ್ಚುವವರಿಗೆ ನಾನೂರು.

ಈ ಸಲ ಜೋಗಮ್ಮ ಗದ್ದೆಗಿಳಿಯುವ ಮೊದಲೇ ಕೇಳಿಬಿಟ್ಟಳು. "ಗೌಡ್ರ, ನಮಗೂ ಗಂಡಾಳಿನ ಕೂಲಿ ಕೊಡ್ರಿ."

ಗದ್ದೆಯ ಒಡೆಯ ಸಂಗನಬಸವಗೌಡ ಬೈಕಿನಿಂದ ಇಳಿಯಲೂ ಇಲ್ಲ. "ಗಂಡಸರು ಮನಿ ನಡಸ್ತಾರವ್ವ. ನಿಮಗೇನು ಖರ್ಚೈತಿ?"

"ನನ್ನ ಗಂಡ ತೀರಿಕೊಂಡಾನ. ಮಗಳ ಕಾಲೇಜಿನ ಫೀಸು ಅವನ ಫೋಟೋ ಕಟ್ತೈತೇನ್ರಿ?"

ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು. ಗೌಡನ ಮೈಯೆಲ್ಲ ಉರಿಯಿತು. "ಗಂಡಸರ ಕೆಲಸ ಮಾಡು, ಗಂಡಸರ ಕೂಲಿ ತಗೋ. ಎಲ್ಲಾರ ಮುಂದ ಹೇಳೀನಿ," ಎಂದ. ಇವಳ ಕೈಲಿ ಎಲ್ಲಿ ಆಗುತ್ತದೆ ಎಂಬ ಸೊಕ್ಕು ಅವನಿಗೆ.

ಜೋಗಮ್ಮ ಸೀರೆ ಎತ್ತಿ ಕಟ್ಟಿ ಒಡ್ಡು ಹತ್ತಿದಳು. ಕಟ್ಟು ಒಗೆಯುತ್ತಿದ್ದ ಲಾಲಪ್ಪ ಅವಳ ಸಾಲಿಗೆ ಇಳಿದ. ನೀರಿಳಿಯುವ ಕಟ್ಟು ಹೊತ್ತು, ಒಬ್ಬರ ಕೈಯೂ ಖಾಲಿ ನಿಲ್ಲದಂತೆ ಅವಳು ದಿನವಿಡೀ ಒಗೆದಳು. ಲಾಲಪ್ಪ ಹಚ್ಚಿದ್ದು ಅವನ ಬೆನ್ನ ಹಿಂದೆಯೇ ತೇಲುತ್ತಿತ್ತು. ಪಕ್ಕದ ಸಾಲಿನ ಶಾಹೀಸ್ತಾ ಬೈಯುತ್ತ ಅದನ್ನೆಲ್ಲ ಮತ್ತೆ ಹಚ್ಚಿದಳು.

ಸಂಜೆ ಗೌಡ ಲಾಲಪ್ಪನಿಗೆ ಎಂಟುನೂರು ಎಣಿಸಿದ. ಜೋಗಮ್ಮನ ಕೈಗೆ ನಾನೂರು.

"ಗಂಡಸರ ಕೆಲಸ ಮಾಡೀನ್ರಿ."

"ಮಾಡಿದಿ, ಖರೆ. ಹೆಂಗಸು ಮಾಡಿದ ಮ್ಯಾಲ ಅದು ಹೆಂಗಸರ ಕೆಲಸಾನ ಆತಲ್ಲ."

"ಲಾಲಪ್ಪ ನಮ್ಮ ಕೆಲಸ ಮಾಡ್ಯಾನ. ಅವಂಗ್ಯಾಕ ಎಂಟುನೂರು?"

"ಅವ ಗಂಡಾಳು."

ಭೇಷ್, ಎಂಥ ನ್ಯಾಯ! ಜೋಗಮ್ಮ ಸಿಟ್ಟಿನಲ್ಲೇ ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿದಳು. "ಇದು ನನ್ನ ಬೆವರಿಂದು, ಬಿಡಂಗಿಲ್ಲ. ಇನ್ನ ನಾನೂರು ಬಾಕಿ. ಅದನ್ನ ಕೊಟ್ಟು, ಎಲ್ಲಾರಿಗೂ ಎಂಟುನೂರು ಅನ್ನೋತನಕ ನಾವು ಬರಂಗಿಲ್ಲ. ಉಳಿದ ಅರ್ಧ ಗದ್ದಿ ನೀವ ಹಚ್ಕೋರಿ."

ಕಿತ್ತ ಸಸಿ ಒಡ್ಡಿನ ಮೇಲೆ ರಾಶಿ ಬಿದ್ದಿತ್ತು. ತಡವಾದರೆ ಕೊಳೆಯುತ್ತದೆ. ಗೌಡ ಶಾಹೀಸ್ತಾಳತ್ತ ತಿರುಗಿದ. "ನೀ ಬಾರವ್ವ, ಐವತ್ತು ಹೆಚ್ಚಿಗಿ ಕೊಡ್ತೀನಿ."

ಕಾಲುವೆಯಲ್ಲಿ ಕಾಲು ತೊಳೆಯುತ್ತಿದ್ದ ಶಾಹೀಸ್ತಾ, "ನನಗೂ ಮೀಸಿ ಇಲ್ಲರಿ ಗೌಡ್ರ," ಎಂದು ಜೋಗಮ್ಮನ ಹಿಂದೆ ನಡೆದಳು. ಉಳಿದವರೂ ನಡೆದರು.

"ಲಾಲಪ್ಪ, ನಾಳೆ ನಾಕು ಗಂಡಾಳು ಕರಕೊಂಡು ನೀನ ಹಚ್ಚಲೇ."

ಲಾಲಪ್ಪ ಸೊಂಟ ಹಿಡಿದುಕೊಂಡೇ ಎದ್ದ. "ಸಾವಿರ ಕೊಟ್ರೂ ಆಗಂಗಿಲ್ಲರಿ ಗೌಡ್ರ."