ಮೊಸರಲ್ಲಿ ಕಲ್ಲು ಹುಡುಕಿದ ಓರಗಿತ್ತಿಯರು

ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಹಾಗಂತ ಅವಳು ಅಲ್ಲಿ ಯಾರಿಗೂ ಚಿಕ್ಕಮ್ಮನಲ್ಲ. ಬಹಳ ಹಿಂದೆ ಅದೇ ಮಹಡಿಯಲ್ಲಿ ಅವಳ ಓರಗಿತ್ತಿಯೂ, ಅಂದರೆ ಗಂಡನ ಅಣ್ಣನ ಹೆಂಡತಿಯೂ ಕೆಲಸಕ್ಕಿದ್ದಳು. ಅವಳು ದೊಡ್ಡಮ್ಮ, ಇವಳು ಚಿಕ್ಕಮ್ಮ. ದೊಡ್ಡಮ್ಮ ನಿವೃತ್ತಳಾಗಿ ಹೋದಳು, ಇವಳಿಗೆ ಅಂಟಿದ ಹೆಸರು ಹೋಗಲಿಲ್ಲ. ಹೊಸ ಹುಡುಗರು ಯಾಕೆ ಏನು ಎಂದು ಕೇಳದೆ ಹಾಗೆಯೇ ಕರೆಯುತ್ತಿದ್ದರು.

ಕಂಪನಿ ತಯಾರಿಸುತ್ತಿದ್ದದ್ದು ಆಸ್ಪತ್ರೆಯ ಪಂಪು. ಮಂಚದ ಪಕ್ಕದ ಕಂಬಕ್ಕೆ ಸಿಕ್ಕಿಸಿ, ರೋಗಿಯ ಮೈಗೆ ಔಷಧಿಯನ್ನು ಗಂಟೆಗೆ ಇಷ್ಟೇ ಎಂದು ಹನಿಹನಿಯಾಗಿ ಬಿಡುವ ಪುಟ್ಟ ಡಬ್ಬಿ. ಅದರ ಹೊಟ್ಟೆಯೊಳಗಿನ ಪ್ರೋಗ್ರಾಂ ಸಿ ಭಾಷೆಯದು. ಅದರಲ್ಲಿ ಮುಕ್ಕಾಲು ಪಾಲು ಈ ಓರಗಿತ್ತಿಯರು ಪ್ರಾಯದಲ್ಲಿದ್ದಾಗ ಬರೆದದ್ದು.

ಆ ವರ್ಷ ಆಸ್ಪತ್ರೆಗಳು ಹೊಸ ರಾಗ ಎಳೆದವು. ಪಂಪಿನೊಳಗಿನ ಕೋಡನ್ನು ತಪಾಸಣೆ ಮಾಡಿಸಿ ವರದಿ ಕೊಡಿ, ಇಲ್ಲವಾದರೆ ಕೊಳ್ಳುವುದಿಲ್ಲ ಎಂದವು. ಹಾಗಾಗಿ ಒಂದು ತಪಾಸಣೆಯ ಸಾಫ್ಟ್‌ವೇರ್ ಬಂತು. ಪ್ರೋಗ್ರಾಮನ್ನು ಓಡಿಸದೆ, ಬರೆದಿದ್ದನ್ನು ಸುಮ್ಮನೆ ಓದಿಯೇ ಎಲ್ಲಿ ಎಡವಬಹುದು ಎಂದು ಹೇಳುವುದು ಅದರ ಕೆಲಸ. ಹುಡುಗರು ಅದಕ್ಕೆ ಪತ್ತೇದಾರ ಎಂದು ಹೆಸರಿಟ್ಟರು. ಮೊದಲ ದಿನವೇ ಅದು ನೂರಾರು ಎಚ್ಚರಿಕೆಗಳನ್ನು ಕಾರಿತು.

ತಂಡದ ಮುಖ್ಯಸ್ಥ ಚಿಕ್ಕಮ್ಮನ ಮಗನ ವಯಸ್ಸಿನವನು. ಅವನಿಗೆ ಸಕಲವೂ ಅರ್ಜೆಂಟ್ ಆದ್ದರಿಂದ ಅರ್ಜೆಂಟ್ ಎಂಬುದೇ ಅವನ ಹೆಸರಾಗಿತ್ತು. "ಚಿಕ್ಕಮ್ಮ, ಹಳೇ ಕೋಡ್ ನಿಮಗೇ ಗೊತ್ತಿರೋದು. ಇದನ್ನೊಂದು ಚೂರು ನೋಡಿಬಿಡಿ. ಅರ್ಜೆಂಟು" ಎಂದು ಆ ರಾಶಿಯನ್ನು ಅವಳ ಮೇಜಿಗೆ ದಾಟಿಸಿದ.

ಅವಳು ಬೇಜಾರಿಲ್ಲದೆ ಕೂತಳು. ಮುಕ್ಕಾಲುವಾಸಿ ಬರೀ ತೋಳ ಬಂತು ತೋಳ. ಜಾಗ ಸಾಲದು ಎಂದು ಪತ್ತೇದಾರ ಬೊಬ್ಬೆ ಹೊಡೆದ ಕಡೆ ಹೋಗಿ ನೋಡಿದರೆ, ಎರಡು ಸಾಲು ಮೇಲೆಯೇ ಅಳತೆ ನೋಡುವ ಸಾಲು ಇರುತ್ತಿತ್ತು. ಆದರೂ ಆ ಕೆಲಸ ಅವಳಿಗೆ ಹಿಡಿಸಿತು. ಒಂದೊಂದು ಕಡತ ತೆರೆದಾಗಲೂ ಹಳೇ ಬೀದಿಯಲ್ಲಿ ನಡೆದ ಹಾಗಾಗುತ್ತಿತ್ತು. ಇದು ನಾನು ಬಸುರಿಯಾಗಿದ್ದಾಗ ಬರೆದದ್ದು. ಇದು ಭಾವನವರ ಕಾಲು ಮುರಿದ ವರ್ಷ ಅಕ್ಕ ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆದದ್ದು. ದೊಡ್ಡಮ್ಮನನ್ನು ಅವಳು ಕರೆಯುತ್ತಿದ್ದದ್ದು ಅಕ್ಕ ಎಂದೇ. ಅಕ್ಕನ ಸಾಲುಗಳನ್ನು ಗುರುತು ಹಿಡಿಯಲು ಹೆಸರೇನೂ ಬೇಕಿರಲಿಲ್ಲ. ಎರಡು ಕೆಲಸಗಳ ನಡುವೆ ಅವಳು ಧಾರಾಳವಾಗಿ ಜಾಗ ಬಿಡುತ್ತಿದ್ದಳು, ಒಗೆದ ಬಟ್ಟೆ ಹರವಿದ ಹಾಗೆ.

ಆಗೆಲ್ಲ ಪತ್ತೇದಾರನಿರಲಿಲ್ಲ. ಊಟವಾದ ಮೇಲೆ ಕ್ಯಾಂಟೀನಿನ ಹಿಂದಿನ ಉಗ್ರಾಣದಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು, ಉದ್ದನೆಯ ಕಾಗದದಲ್ಲಿ ಅಚ್ಚಾದ ಕೋಡನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಮಿಕ್ಕವರು ಕೇಳಬೇಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಏನಾದರೂ ನಕಲಾಗುವ ಸಾಲು ಬಂತೋ, ಅಕ್ಕ ಕೈ ಎತ್ತುತ್ತಿದ್ದಳು. "ನಿಲ್ಸಿ. ಪಾತ್ರೆ ಎಷ್ಟು ದೊಡ್ಡದು? ಸುರಿಯೋದು ಎಷ್ಟು?" ಉತ್ತರ ಸಿಗುವವರೆಗೆ ಮುಂದಿನ ಸಾಲು ಇಲ್ಲ.

ಚಿಕ್ಕಮ್ಮ ಅಲ್ಲಿಗೆ ಹೊಸದಾಗಿ ಸೇರಿದಾಗ, ಮೊದಲ ವಾರವೇ, ಓದುತ್ತಿದ್ದದ್ದು ಅಕ್ಕನ ಕೋಡು. ಅಕ್ಕನಲ್ಲಿ ತಪ್ಪು ಹುಡುಕುವ ಎದೆಗಾರಿಕೆ ಅಲ್ಲಿ ಯಾರಿಗೂ ಇರಲಿಲ್ಲ. ಹೊಸ ಹುಡುಗಿಗೆ ಅದು ಗೊತ್ತಿರಲಿಲ್ಲ ಅಷ್ಟೆ. "ಇಲ್ಲಿ ಒಂದು ಅಕ್ಷರ ಜಾಸ್ತಿ ಸುರೀತಾ ಇದೀವಿ ಅಲ್ವಾ?" ಎಂದುಬಿಟ್ಟಳು. ಉಗ್ರಾಣ ತಣ್ಣಗಾಯಿತು. ಅಕ್ಕ ಕಾಗದ ಇಸಕೊಂಡು ಬೆರಳಿಟ್ಟು ಎಣಿಸಿದಳು, ಇನ್ನೊಮ್ಮೆ ಎಣಿಸಿದಳು, ಪೆನ್ಸಿಲಿನಲ್ಲಿ ತಿದ್ದಿದಳು.

ಭಾನುವಾರ ಮನೆಗೆ ಊಟಕ್ಕೆ ಕರೆದಳು. ಬೈಗುಳಕ್ಕೆ ಸಿದ್ಧಳಾಗಿ ಹೋದ ಹುಡುಗಿಗೆ ಅಲ್ಲಿ ಸಿಕ್ಕಿದ್ದು ಅಕ್ಕನ ಅತ್ತೆ ಮತ್ತು ನೀಟಾಗಿ ತಲೆ ಬಾಚಿಕೊಂಡು ಬೆಪ್ಪಾಗಿ ಕೂತಿದ್ದ ಮೈದುನ. ಬಡಿಸುತ್ತಾ ಅಕ್ಕ ಅತ್ತೆಗೆ ಹೇಳಿದಳು: "ನನ್ನ ತಪ್ಪು ಹಿಡಿದ ಹುಡುಗಿ ಇವಳೊಬ್ಬಳೇ. ಇಂಥವಳು ಹೊರಗಿದ್ರೆ ಅಪಾಯ. ಮನೆ ಒಳಗೇ ಇರ್ಲಿ." ಹಾಗೆ ಆದ ಮದುವೆ ಅದು. ಮುಂದೆ ಅತ್ತೆ ಯಾರಾದರೂ ಕೇಳಿದರೆ ಹೇಳುತ್ತಿದ್ದರು, "ನಮ್ಮ ಸೊಸೆಯಂದ್ರು ಏನು ಕೆಲಸ ಮಾಡ್ತಾರೋ ನಂಗಂತೂ ಗೊತ್ತಿಲ್ಲಪ್ಪ. ಇಬ್ಬರೂ ಮೊಸರಲ್ಲಿ ಕಲ್ಲು ಹುಡುಕ್ತಾರೆ, ಅದಕ್ಕೆ ಸಂಬಳ ಕೊಡ್ತಾರೆ."

ಪಟ್ಟಿಯ ನಡುವೆ ಎಲ್ಲೋ ಒಂದು ಎಚ್ಚರಿಕೆಗೆ ಬಂದಾಗ ಚಿಕ್ಕಮ್ಮನ ಕೈ ನಿಂತಿತು. ಔಷಧಿಯ ಹೆಸರನ್ನು ಮೂವತ್ತೆರಡು ಅಕ್ಷರದ ಜಾಗಕ್ಕೆ ನಕಲು ಮಾಡುವ ಸಾಲು. ಅಕ್ಕನದೇ. ಹೆಸರು ಎಲ್ಲಿಂದ ಹೊರಟು, ಯಾರ ಕೈಯಿಂದ ಯಾರ ಕೈಗೆ ದಾಟಿ ಇಲ್ಲಿಗೆ ಬರುತ್ತದೆ ಎಂದು ಪತ್ತೇದಾರ ಹೆಜ್ಜೆ ಹೆಜ್ಜೆಯಾಗಿ ತೋರಿಸಿತ್ತು. ಅವಳು ಅದರ ಹಿಂದೆಯೇ ನಡೆದಳು. ಹಿಂದೆಲ್ಲ ನರ್ಸು ಪಂಪಿನ ಗುಂಡಿಗಳನ್ನು ಒತ್ತಿ ಹೆಸರು ಬರೆಯುತ್ತಿದ್ದಳು. ಹೋದ ವರ್ಷ, ಹೊಸ ಪಂಪನ್ನು ಆಸ್ಪತ್ರೆಯ ನೆಟ್‌ವರ್ಕಿಗೆ ಜೋಡಿಸುವ ಹಾಗೆ ಕೋಡು ಬದಲಾಯಿಸಿದ್ದರು, ಹೆಸರು ಇನ್ನು ಅಲ್ಲಿಂದಲೇ ಬರುವುದಿತ್ತು. ಎಷ್ಟು ಉದ್ದ ಬೇಕಾದರೂ ಬರಬಹುದು. ಜಾಗ ಮೀರಿದರೆ ಮಿಕ್ಕ ಅಕ್ಷರಗಳು ಪಕ್ಕದ ಮನೆಗೆ ನುಗ್ಗುತ್ತವೆ. ಪಕ್ಕದ ಮನೆಯಲ್ಲಿದ್ದದ್ದು, ಗಂಟೆಗೆ ಎಷ್ಟು ಔಷಧಿ ಬಿಡಬೇಕು ಎಂಬ ಅಂಕಿ.

ತೋಳ ಈ ಸಲ ನಿಜವಾಗಿ ಬಂದಿತ್ತು.

ಅರ್ಜೆಂಟ್‌ಗೆ ಹೇಳಿದಾಗ ಅವನು ಮೊದಲು ಗೋದಾಮಿಗೆ ಫೋನ್ ಮಾಡಿದ. ಹೊಸ ಪಂಪುಗಳು ಇನ್ನೂ ಗೋದಾಮು ಬಿಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಉಸಿರು ಬಿಟ್ಟ. ಅಲ್ಲೇ ನಿಂತು ಆ ಸಾಲನ್ನು ಬದಲಾಯಿಸಿದ. ಜಾಗ ಇದ್ದಷ್ಟು ಮಾತ್ರ ನಕಲು ಮಾಡು, ಮಿಕ್ಕದ್ದು ಕತ್ತರಿಸು. ಮತ್ತೆ ಓಡಿಸಿದರೆ ಪತ್ತೇದಾರ ಬಾಯಿ ಮುಚ್ಚಿಕೊಂಡಿತು.

"ಮುಗೀತು ಚಿಕ್ಕಮ್ಮ!"

ಮುಗಿದ ಹಾಗೆ ಅವಳಿಗೆ ಅನಿಸಲಿಲ್ಲ. ಹಿಂದೊಮ್ಮೆ ಉಗ್ರಾಣದಲ್ಲಿ ಅಕ್ಕ ಈ ಕತ್ತರಿಸುವ ವಿಷಯಕ್ಕೇ ಯಾರ ಮೇಲೋ ಹರಿಹಾಯ್ದದ್ದು ಮಸುಕಾಗಿ ನೆನಪು. ಏಕೆ ಎಂಬುದು ಮಾತ್ರ ತಲೆಗೆ ಹತ್ತಲಿಲ್ಲ.

"ಬರೆದವಳನ್ನ ಒಂದು ಮಾತು ಕೇಳ್ಕೊಂಡು ಬರ್ತೀನಿ" ಎಂದಳು. "ನಾಲ್ಕು ಹಾಳೆ ಹೊರಗೆ ಒಯ್ಯೋಕೆ ಸಹಿ ಹಾಕು."

"ಫೋನಲ್ಲಿ ಕೇಳಬಾರದಾ?"

"ಅವಳಿಗೆ ಕಣ್ಣು ಕಾಣಲ್ಲ. ನಾನೇ ಓದಬೇಕು."

ಅರ್ಜೆಂಟ್ ಗೊಣಗುತ್ತಾ ಸಹಿ ಹಾಕಿದ.

ಅಕ್ಕ ಈಗ ಮಗಳ ಜೊತೆ ಊರಿನ ಇನ್ನೊಂದು ತುದಿಯಲ್ಲಿದ್ದಳು. ಜಗಳವೇನೂ ಆಗಿರಲಿಲ್ಲ. ಭಾವ ತೀರಿಕೊಂಡರು, ಅಕ್ಕನ ಕಣ್ಣು ಮಂಜಾಗುತ್ತಾ ಬಂತು, ಇವಳಿಗೆ ಕೆಲಸ. ದಿನವೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಒತ್ತಿಕೊಂಡು ಓಡಾಡಿದವರು ಮದುವೆಗೋ ಸಾವಿಗೋ ಮಾತ್ರ ಸಿಗುವ ಹಾಗಾಯಿತು. ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಚಿಕ್ಕಮ್ಮ ಆ ವರ್ಷಗಳನ್ನು ನೆನೆದಳು. ಇಬ್ಬರ ಮಡಿಲಲ್ಲಿ ಒಂದೇ ಕಾಗದದ ಸುರುಳಿ. ಆವರಣಚಿಹ್ನೆ ಎಲ್ಲಿ ಮುಗಿಯಬೇಕು ಎಂದು ವಾದ. ಇಳಿಯುವ ಸ್ಟಾಪು ತಪ್ಪಿ ಮನೆಯಲ್ಲಿ ಅತ್ತೆಯಿಂದ ಇಬ್ಬರಿಗೂ ಸಮಪಾಲು ಮಂಗಳಾರತಿ.

ಅಕ್ಕ ಬಾಲ್ಕನಿಯ ಕುರ್ಚಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಹೆಜ್ಜೆ ಸಪ್ಪಳಕ್ಕೇ ಗುರುತು ಹಿಡಿದಳು.

"ಕೆಲಸದ ದಿನ ಬಂದಿದೀಯ. ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಅಕ್ಕ. ನಿನ್ನ ಕೋಡಲ್ಲಿ ಒಂದು ಕಲ್ಲು ಸಿಕ್ಕಿದೆ."

ಅಕ್ಕನ ಬೆನ್ನು ನೆಟ್ಟಗಾಯಿತು. "ಯಾರು ಹುಡುಕಿದ್ದು? ನೀನಾ?"

"ಇಲ್ಲ, ಮೆಷಿನ್ನು. ಈಗೆಲ್ಲ ಅದೇ ಓದುತ್ತೆ."

"ಅಯ್ಯೋ ದೇವರೇ," ಎಂದಳು ಅಕ್ಕ, "ಮದುವೆ ಮಾಡ್ಸೋಕೆ ನಂಗೆ ಇನ್ನೊಬ್ಬ ಮೈದುನ ಇಲ್ವಲ್ಲೇ, ಇದನ್ನ ಯಾರಿಗೆ ತರೋಣ?"

ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಒಳಗಿನಿಂದ ಅಕ್ಕನ ಮಗಳು ಇಣುಕಿ, ತಲೆಯಲ್ಲಾಡಿಸಿ ಹೋದಳು.

ಆಮೇಲೆ ಚಿಕ್ಕಮ್ಮ ಹಾಳೆ ಬಿಡಿಸಿ ಗಟ್ಟಿಯಾಗಿ ಓದಿದಳು. ಅಕ್ಕ ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳಾಡಿಸುತ್ತಾ ಕೇಳಿದಳು. ನಕಲಿನ ಸಾಲು ಬಂದಾಗ ಕೈ ತಾನಾಗಿ ಮೇಲೆದ್ದಿತು. "ನಿಲ್ಸು. ಅಳತೆ ನೋಡೋದು ಇಲ್ಲಲ್ಲ, ಬಾಗಿಲಲ್ಲಿ. ಗುಂಡಿ ಒತ್ತೋ ಕಡೆ. ಹೆಸರು ಉದ್ದ ಆದ್ರೆ ಅಲ್ಲೇ ಕೀಂಯ್ ಅಂತ ಕೂಗಿ ವಾಪಸ್ ಕಳಿಸ್ತಿತ್ತು."

"ಈಗ ಆ ಬಾಗಿಲಿಂದ ಯಾರೂ ಬರ್ತಾ ಇಲ್ಲ. ಗೋಡೆ ಒಡೆದು ಹೊಸ ಬಾಗಿಲು ಇಟ್ಟಿದಾರೆ. ಅಲ್ಲಿ ಕೇಳೋರಿಲ್ಲ."

"ಹಾಂ," ಎಂದಳು ಅಕ್ಕ. "ನಾನು ಇಲ್ಲೂ ಒಂದು ಸಲ ನೋಡ್ಬೇಕಿತ್ತು. ಒಂದೇ ಬಾಗಿಲು ಅಂದ್ಕೊಂಡಿದ್ದೆ."

"ನಮ್ಮ ಹುಡುಗ ಕತ್ತರಿಸಿ ಹಾಕಿದಾನೆ. ಜಾಗ ಇದ್ದಷ್ಟೇ ಬರೆಯುತ್ತೆ. ಮೆಷಿನ್ನೂ ಸರಿ ಅಂತು."

"ಕತ್ತರಿಸಿದ್ನಾ?" ಅಕ್ಕನ ದನಿ ಉಗ್ರಾಣದ ದನಿಯಾಯಿತು. "ಯಾವ ಕಡೆ? ಬಾಲನಾ?"

"ಮತ್ತೆ ತಲೆ ಕತ್ತರಿಸ್ತಾರಾ?"

"ನಿಂಗೆ ನೆನಪಿಲ್ವಾ? ಅದನ್ನ ಬರೆಯೋಕೆ ಮುಂಚೆ ನಾನೊಂದು ದಿನ ವಾರ್ಡಲ್ಲಿ ಹೋಗಿ ಕೂತಿದ್ದೆ. ಒಬ್ಬಳು ದಪ್ಪ ನರ್ಸು, ಜೋರು ಹೆಂಗಸು. ಹೆಸರು ಅರ್ಧ ಕಾಣಿಸಿದ್ರೆ ಸಾಲ್ದಾ ಅಂತ ಕೇಳ್ದೆ. ಎರಡು ಬಾಟ್ಲಿ ತಂದು ಮುಂದೆ ಇಟ್ಲು. ಹೆಸರು ಉದ್ದಕ್ಕೂ ಒಂದೇ. ಕೊನೇಲಿ ಮಾತ್ರ ಬೇರೆ, ಇದು ತೆಳು, ಅದು ಹತ್ತು ಪಟ್ಟು ಗಟ್ಟಿ. 'ತಲೆ ಯಾರಿಗೆ ಬೇಕು, ಬಾಲ ತೋರ್ಸಿ' ಅಂದ್ಲು. ಕತ್ತರಿಸಿದ್ರೆ ಪಂಪು ಕೆಡಲ್ಲ ಕಣೇ. ತಣ್ಣಗೆ ಸುಳ್ಳು ಹೇಳುತ್ತೆ. ನರ್ಸು ನಂಬ್ತಾಳೆ."

ಚಿಕ್ಕಮ್ಮನಿಗೆ ಆಗ ಎಲ್ಲ ಹೊಳೆಯಿತು. ಅಕ್ಕ ಅವತ್ತು ಯಾಕೆ ಹರಿಹಾಯ್ದಿದ್ದಳು ಎಂಬುದೂ, ಹೊಸ ಸಾಲಿನ ಬಗ್ಗೆ ಪತ್ತೇದಾರ ಏಕೆ ಸುಮ್ಮನಾಯಿತು ಎಂಬುದೂ. ಅದಕ್ಕೆ ಪಾತ್ರೆ ಗೊತ್ತು, ಸುರಿಯುವುದು ಗೊತ್ತು. ಕುಡಿಯುವವರು ಯಾರು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಅಲ್ಲೇ ಕೂತು ಇಬ್ಬರೂ ಸೇರಿ ದಾರಿ ಹುಡುಕಿದರು. ಪಾತ್ರೆಯನ್ನೇ ದೊಡ್ಡದು ಮಾಡಬೇಕು ಎಂದು ಚಿಕ್ಕಮ್ಮ, ಎಷ್ಟು ದೊಡ್ಡದು ಮಾಡಿದರೂ ಅದಕ್ಕಿಂತ ಉದ್ದದ ಹೆಸರಿಡುವವರು ಹುಟ್ಟುತ್ತಾರೆ ಎಂದು ಅಕ್ಕ. ಎತ್ತು ಏರಿಗೆ, ಕೋಣ ನೀರಿಗೆ. ಮೊದಲಿನ ಹಾಗೆಯೇ ದನಿ ಏರಿತು, ಕೆಳಗಿನ ಮನೆಯ ಕಿಟಕಿ ಮುಚ್ಚಿಕೊಂಡಿತು. ಕೊನೆಗೆ ಎರಡೂ ಬೇಕು ಎಂದಾಯಿತು. ಜಾಗವನ್ನೂ ದೊಡ್ಡದು ಮಾಡುವುದು, ಅದನ್ನೂ ಮೀರಿದರೆ ಹೆಸರನ್ನು ಒಳಗೇ ಬಿಡದೆ ಪಂಪು ಕೂಗಿಕೊಳ್ಳುವುದು. ಬಾಗಿಲಲ್ಲೂ ಅಳತೆ, ನಕಲಿನ ಜಾಗದಲ್ಲೂ ಅಳತೆ.

ಮರುದಿನ ಅರ್ಜೆಂಟ್ ಪೂರ್ತಿ ಕೇಳಿಸಿಕೊಂಡ. ಒಂದು ಸಲವೂ ಗಡಿಯಾರ ನೋಡಲಿಲ್ಲ. "ಪತ್ತೇದಾರ ಸುಮ್ಮನಾದಾಗ ನಾನೂ ಸುಮ್ಮನಾಗಿಬಿಟ್ಟೆ" ಎಂದ. ಆಸ್ಪತ್ರೆಯ ಔಷಧಿಗಳ ಹೆಸರುಗಳನ್ನು ತರಿಸಿ ಒಂದೊಂದಾಗಿ ತಾನೇ ಹಾಕಿ ನೋಡಿದ. ಬಾಲ ಮಾತ್ರ ಬೇರೆಯಾದ ಜೋಡಿಗಳು ಒಂದಲ್ಲ, ಹಲವು ಸಿಕ್ಕವು. ಪಂಪುಗಳು ಆ ತಿಂಗಳು ಗೋದಾಮಿನಲ್ಲೇ ಉಳಿದವು, ಮೇಲಿನವರು ಕೂಗಾಡಿದರು, ಅರ್ಜೆಂಟ್ ಜಗ್ಗಲಿಲ್ಲ.

ಈ ತಿದ್ದುಪಡಿ ಮುಗಿದ ದಿನ ಚಿಕ್ಕಮ್ಮ ಊಟದ ಹೊತ್ತಿನಲ್ಲಿ ಅಕ್ಕನಿಗೆ ಫೋನ್ ಮಾಡಿದಳು. ಆ ಉಗ್ರಾಣ ಈಗಿಲ್ಲ. ಗೋಡೆ ತೆಗೆದು ಕ್ಯಾಂಟೀನನ್ನೇ ಅಗಲ ಮಾಡಿದ್ದರು. ಸುಮಾರಾಗಿ ಅದೇ ಜಾಗದಲ್ಲಿದ್ದ ಮೇಜಿನಲ್ಲಿ ಅವಳು ಕೂತಿದ್ದಳು.

"ನನ್ನ ಸಾಲು ತೆಗೆದ್ರಾ?" ಎಂದಳು ಅಕ್ಕ.

"ತೆಗೆದ್ವಿ ಅಕ್ಕ."

"ಹೋಗ್ಲಿ ಬಿಡು. ಬೇಕಾದಷ್ಟು ದುಡಿದಿದೆ ಅದು."

"ಹೂಂ."

"ಪಟ್ಟೀಲಿ ಇನ್ನೂ ಎಷ್ಟಿದೆ?"

"ಬೆಟ್ಟದಷ್ಟಿದೆ. ಮುಕ್ಕಾಲು ಹುಸಿನೇ ಇರ್ಬೇಕು."

"ಹುಸಿ ಆದ್ರೇನು, ಭಾನುವಾರ ತಗೊಂಡ್ ಬಾ. ನಿನ್ನ ಗಂಡನ್ನೂ ಕರ್ಕೊಂಡ್ ಬಾ, ಅವನು ಮಗಳ ಜೊತೆ ಟೀವಿ ನೋಡ್ಲಿ."

ಶುಕ್ರವಾರ ಸಂಜೆ ಚಿಕ್ಕಮ್ಮ ಪ್ರಿಂಟರಿನ ಮುಂದೆ ನಿಂತು, ಪರಿಶೀಲಿಸಿ ಹೊಡೆದುಹಾಕಿದ್ದ ಎಚ್ಚರಿಕೆಗಳನ್ನೂ ಸೇರಿಸಿ, ಹಾಳೆಗಳನ್ನು ತೆಗೆದಳು. ಅರ್ಜೆಂಟ್ ಏನೂ ಕೇಳದೆ ಸಹಿ ಹಾಕಿಕೊಟ್ಟ.